ಪೇಟೆ ಕಡೆಯ ಕಿಟಕಿ

ಬಿಸಿಲಿನ ತುಂಡು ಇನ್ನೂ ಚಹಾಪುಡಿ ಡಬ್ಬಿಯ ಮೇಲೇ ಕೂತಿದೆ, ಅಲ್ಲಾಡುತ್ತಿಲ್ಲ, ಇಷ್ಟು ಹೊತ್ತಿಗೆ ಅದು ಡಬ್ಬಿ ಬಿಟ್ಟು, ಗೋಡೆಯ ತುಕ್ಕಿನ ಕಲೆ ದಾಟಿ, ಮೊಳೆಗೆ ನೇತುಹಾಕಿದ ಯಜಮಾನರ ಟೋಪಿಯ ಹತ್ತಿರ ಹೋಗಿರಬೇಕಿತ್ತು, ಯಾಕೆಂದರೆ ಹೊಳೆಯ ನೀರು ತಿರುಗುವ ಹೊತ್ತು ಇದು, ಕಡಲು ಉಬ್ಬಿದರೆ ನೀರು ಮೇಲಕ್ಕೆ, ಕಡಲು ಇಳಿದರೆ ನೀರು ಕೆಳಕ್ಕೆ, ನೀರು ತಿರುಗಿದರೆ ಮನೆಯಾಗಿರುವ ಈ ದೋಣಿ ತಿರುಗಬೇಕು, ದೋಣಿ ತಿರುಗಿದರೆ ಕಿಟಕಿ ತಿರುಗಬೇಕು — ಕಣ್ಣು ಮುಚ್ಚಿಕೊಂಡೇ ಹೇಳಬಲ್ಲಳು ಮುದುಕಿ ನೀರು ಯಾವ ಕಡೆಗಿದೆ ಅಂತ, ಇಡೀ ಹೊಳೆಯಲ್ಲಿ ಅವಳಂಥವಳು ಇನ್ನೊಬ್ಬಳಿಲ್ಲ, ಮೀನುಗಳೇ ಬಂದು ಕೇಳಿಕೊಂಡು ಹೋಗುತ್ತವೆ — ಸರಿ, ಇದರಲ್ಲಿ ಅರ್ಧ ಸುಳ್ಳು, ಒಂದು ಕಣ್ಣನ್ನಷ್ಟೇ ಮುಚ್ಚುತ್ತಾಳೆ, ಇನ್ನೊಂದು ಆ ಬಿಸಿಲಿನ ತುಂಡಿನ ಮೇಲೇ ಇರುತ್ತದೆ. ಇವತ್ತು ಎರಡೂ ತೆರೆದೇ ಇವೆ. ನೆಲದ ಮೇಲೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಾಳೆ, ಸೊಂಟದ ಕೆಳಗೆ ಬಟ್ಟೆಯೆಲ್ಲ ಒದ್ದೆ, ಬದಲಾಯಿಸಬೇಕು, ಏಳಬೇಕು, ಯಾರು ಏಳುತ್ತಾರೆ, ಮಂಡಿಯಂತೂ ನಿನಗೂ ನನಗೂ ಸಂಬಂಧವಿಲ್ಲ ಅನ್ನುತ್ತಿದೆ, ಭುಜದ ಮೇಲೆ ಯಾರೋ ಹತ್ತು ಮೂಟೆ ಇಳಿಸಿ ಮರೆತು ಹೋದ ಹಾಗಿದೆ. ಎದುರಿಗೆ ನಾದಿನಿಯ ಖಾಲಿ ಮಂಚ, ಮಂಚದ ತಲೆಯ ಹತ್ತಿರ ಹಲಗೆ, ಹಲಗೆಯ ಮೇಲೆ ಆಸ್ಪತ್ರೆಯವರು ಕೊಟ್ಟ ಬಿಳಿ ಪೆಟ್ಟಿಗೆ, ಸೋಪಿನ ಡಬ್ಬಿಯಷ್ಟು, ಅದರ ಮೂತಿಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ದೀಪ. ಆ ನರ್ಸಮ್ಮ ಎಷ್ಟು ಚೆನ್ನಾಗಿ ಹೇಳಿಕೊಟ್ಟಳು, ನಿಮ್ಮ ನಾದಿನಿ ಎದೆಯೊಳಗೆ ಒಂದು ಯಂತ್ರ ಕೂರಿಸಿದೀವಿ ಅಮ್ಮ, ಅದು ಈ ಪೆಟ್ಟಿಗೆಗೆ ಹೇಳತ್ತೆ, ಪೆಟ್ಟಿಗೆ ಇಂಟರ್‌ನೆಟ್ಟಲ್ಲಿ ನಮಗೆ ಹೇಳತ್ತೆ, ನಾವು ಡಾಕ್ಟರಿಗೆ ಹೇಳ್ತೀವಿ. ಚಾಡಿ ಅನ್ನಿ, ಅಂದಳು ಮುದುಕಿ. ನರ್ಸಮ್ಮ ನಗಲಿಲ್ಲ, ನಗುವಷ್ಟು ಪುರುಸೊತ್ತು ಅವಳಿಗೆಲ್ಲಿದೆ. ಇವತ್ತು ಬೆಳಗ್ಗೆ ಫೋನಿನಲ್ಲಿ ಮತ್ತೆ ಅದೇ ನರ್ಸಮ್ಮ, ಸಿಗ್ನಲ್ ಇದ್ರೆ ಹಸಿರು, ಹೋದ್ರೆ ಕೆಂಪು, ಬೆಳಗ್ಗೆಯಿಂದ ಸಂಜೆವರೆಗೆ ಹಸಿರು ದೀಪ ಆರದೆ ಇದ್ರೆ ಮಾತ್ರ ಅವರನ್ನ ದೋಣಿಗೆ ಕಳಿಸೋದು, ಎರಡು ಸಲ ಕೆಂಪಾಯ್ತು, ಇವತ್ತು ಕೊನೇದು, ಇಲ್ಲಾಂದ್ರೆ ಆಸ್ಪತ್ರೆ ಹಿಂದೆ ನಮ್ಮ ವಸತಿ ಇದೆ, ಅಲ್ಲೇ ಇರ್ತಾರೆ. ಅಲ್ಲೇ ಅಂದ್ರೆ ಎಷ್ಟು ದಿನ? ಅಲ್ಲೇ ಅಂದ್ರೆ ಅಲ್ಲೇ ಅಮ್ಮ. ಕೆಂಪಾಗಬೇಡ ಕಣೋ ದೀಪ, ನಿನ್ನ ದಮ್ಮಯ್ಯ, ಇವತ್ತೊಂದು ದಿನ ಕೆಂಪಾಗಬೇಡ.

ಬರದಿದ್ದರೆ ಬೇಡ, ಹೋಗಲಿ, ಅವಳಿಲ್ಲದೆ ದೋಣಿ ಒಂದು ಗೇಣು ಮೇಲೆ ತೇಲುತ್ತಿದೆ, ಅವಳ ಗೊರಕೆಗೆ ಆಚೆ ದಡದ ನಾಯಿಗಳೆಲ್ಲ ಎದ್ದು ಕೂರುತ್ತಿದ್ದವು, ಪಾಪ ಈಗ ನೆಮ್ಮದಿಯಾಗಿ ಮಲಗುತ್ತಿವೆ, ನಿದ್ದೆ ಬಾರದೆ ಇರುವವಳು ಮುದುಕಿ ಒಬ್ಬಳೇ. ಯಜಮಾನರ ತಂಗಿ ಅವಳು, ಗಂಡನ ಮನೆ ಬಿಟ್ಟು ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ ಹೊತ್ತುಕೊಂಡು ಬಂದವಳು, ನಾಲ್ಕು ದಿನ ಇದ್ದು ಹೋಗ್ತೀನಿ ಅತ್ತಿಗೆ ಅಂದವಳು, ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ, ಅಣ್ಣ ಹೋದ, ಇಬ್ಬರ ತಲೆಯೂ ಹತ್ತಿಯಾಯಿತು, ಹೊಲಿಗೆ ಯಂತ್ರ ತುಕ್ಕು ಹಿಡಿದು ದೋಣಿಗೆ ಎರಡನೇ ಲಂಗರಾಯಿತು. ದೋಣಿಯೊಳಗೆ ಎರಡೇ ಮಂಚ, ಕಬ್ಬಿಣದವು, ಗೋಡೆಗೆ ಬೆಸುಗೆ ಹಾಕಿದವು, ಈ ಪಕ್ಕಕ್ಕೊಂದು ಆ ಪಕ್ಕಕ್ಕೊಂದು, ಮಂಚಕ್ಕೊಂದು ಕಿಟಕಿ. ಹೊಳೆಯ ಒಂದು ದಡದಲ್ಲಿ ಪೇಟೆ, ತರಕಾರಿ ಇಳಿಸುವವರ ಜಗಳ, ಕೊಡೆ ರಿಪೇರಿಯವನ ಕೆಮ್ಮು, ಓಡಿಹೋದ ಹುಂಜದ ಹಿಂದೆ ಓಡುವ ಹೆಂಗಸು. ಇನ್ನೊಂದು ದಡದಲ್ಲಿ ಮುಚ್ಚಿಹೋದ ಕಾರ್ಖಾನೆಯ ಹಿಂಗೋಡೆ, ಇಟ್ಟಿಗೆ, ಇಟ್ಟಿಗೆ, ಮತ್ತೆ ಇಟ್ಟಿಗೆ, ನಡುವೆ ಒಂದು ತುಕ್ಕು ಹಿಡಿದ ಕೊಳವೆ, ಕೊಳವೆಯ ತುದಿಯಲ್ಲಿ ಒಂದು ಹನಿ, ಬೀಳಲೋ ಬೇಡವೋ ಅಂತ. ಯಜಮಾನರು ದೋಣಿಯ ಮೂತಿಯನ್ನಷ್ಟೇ ತೇಲುವ ಪೀಪಾಯಿಗೆ ಕಟ್ಟಿದರು, ಬಾಲವನ್ನು ನೀರಿಗೆ ಬಿಟ್ಟರು, ಅದಕ್ಕೇ ನೀರು ಇಳಿಯುವಾಗ ನಾದಿನಿಗೆ ಪೇಟೆ, ಮುದುಕಿಗೆ ಇಟ್ಟಿಗೆ, ನೀರು ಏರುವಾಗ ಮುದುಕಿಗೆ ಪೇಟೆ, ನಾದಿನಿಗೆ ಇಟ್ಟಿಗೆ, ಇದಕ್ಕಿಂತ ನ್ಯಾಯ ಯಾವ ಕೋರ್ಟಲ್ಲೂ ಸಿಕ್ಕದು. ಆದರೂ ಜಗಳ. ಅತ್ತಿಗೆ, ಏನದು ಗಲಾಟೆ, ಹೇಳಿ ಸ್ವಲ್ಪ. ನಾನ್ಯಾಕೆ ಹೇಳ್ಲಿ, ನೀರು ತಿರುಗಿದ ಮೇಲೆ ನೀನೇ ನೋಡ್ಕೋ. ಅಷ್ಟೊತ್ತಿಗೆ ಹೊಡೆದಾಟ ಮುಗಿದೇ ಹೋಗಿರತ್ತಲ್ಲ! ಹಾಗಾದ್ರೆ ಕೇಳು, ಆನೆ ಬಂದಿದೆ ಪೇಟೆಗೆ, ಬದನೇಕಾಯಿ ಚೌಕಾಸಿ ಮಾಡ್ತಿದೆ. ಎದ್ದು ಓಡಿ ಬಂದು ಇವಳ ಭುಜದ ಮೇಲಿಂದ ಇಣುಕುತ್ತಿದ್ದಳು ಪುಣ್ಯಾತ್ಗಿತ್ತಿ, ಪ್ರತಿ ಸಲ, ಆನೆ ಇರುವುದಿಲ್ಲ ಅಂತ ಗೊತ್ತಿದ್ದೂ ಬರುತ್ತಿದ್ದಳು, ಗಲ್ಲ ಇವಳ ಭುಜಕ್ಕೆ ಊರಿ, ನಿಮ್ಮ ಬಾಯಿಗೆ ಬೀಗ ಹಾಕೋರು ಯಾರೂ ಇಲ್ವಲ್ಲ ಅತ್ತಿಗೆ ಅನ್ನುತ್ತ — ಆ ಭುಜವೇ ಈಗ ನೋಯುತ್ತಿರುವುದು.

ಮೊನ್ನೆ ಮೊದಲ ಸಲ ಆ ಫೋನಂಗಡಿಗೆ ಹೋದಾಗ ಕೌಂಟರಿನ ಹುಡುಗಿ ಕೇಳಿದ್ದು, ಅಜ್ಜಿ, ಮನೆ ಎಲ್ಲಿ? ಯಾವಾಗ ಅಂತ ಹೇಳು, ಆಮೇಲೆ ಎಲ್ಲಿ ಅಂತ ಹೇಳ್ತೀನಿ. ಹುಡುಗಿ ಚೂಯಿಂಗ್ ಗಮ್ ಅಗಿಯುವುದನ್ನು ನಿಲ್ಲಿಸಿ ಕಂಪ್ಯೂಟರಿನ ಮ್ಯಾಪು ತಿರುಗಿಸಿ ತೋರಿಸಿದಳು, ಸಿಗ್ನಲ್ ಇರುವ ಕಡೆಯೆಲ್ಲ ಬಣ್ಣ, ಪೇಟೆಯೆಲ್ಲ ಗುಲಾಬಿ, ಕಾರ್ಖಾನೆ ಕಡೆಯೆಲ್ಲ ನೇರಳೆ, ನಡುವೆ ಹೊಳೆ ಮಾತ್ರ ಬೆಳ್ಳಗೆ, ಅಲ್ಲಿ ಜನವೇ ಇಲ್ಲ ಅನ್ನುವ ಹಾಗೆ. ಅಲ್ಲಿ ನಾನಿದೀನಲ್ಲೇ, ಈ ಬಿಳೀದ್ರಲ್ಲಿ. ಎರಡು ಕಂಪನಿ ಅಜ್ಜಿ, ಗಿಳಿ ಬೋರ್ಡಿಂದು ಪೇಟೆ ಕಡೆ ಟವರು, ಛತ್ರಿ ಬೋರ್ಡಿಂದು ಕಾರ್ಖಾನೆ ಮೇಲೆ ಟವರು, ರೇಟು ಎರಡಕ್ಕೂ ಒಂದೇ, ಎರಡೂ ಅನ್‌ಲಿಮಿಟೆಡ್ಡು. ಅಂದ್ರೇನೇ? ಎಷ್ಟು ಬಳಸಿದ್ರೂ ಮುಗಿಯಲ್ಲ. ಓ, ನನ್ನ ನಾದಿನಿ ಬಾಯಿ ಥರ, ಕೊಡು ಒಂದು. ಗಿಳಿಯ ಸಿಮ್ಮು ಹಾಕಿದರೆ ನೀರಿಳಿಯುವಷ್ಟು ಹೊತ್ತೂ ಪೆಟ್ಟಿಗೆ ಹಸಿರು, ನೀರು ತಿರುಗಿತು, ನಾದಿನಿಯ ಕಿಟಕಿ ಇಟ್ಟಿಗೆ ಕಡೆಗೆ ಹೋಯಿತು, ಕಬ್ಬಿಣದ ದೋಣಿ ಅಡ್ಡ ಬಂತು, ದೀಪ ಕೆಂಪು. ಮಾರನೇ ದಿನ ಪಕ್ಕದ ದೋಣಿಯ ಡಾಂಬರಿನವನ ಹತ್ತಿರ — ದೋಣಿಗಳ ಹೊಟ್ಟೆಗೆ ಡಾಂಬರು ಬಳಿಯುವವನು, ಮೈಯೆಲ್ಲ ಅದೇ ವಾಸನೆ — ಅವನ ಹತ್ತಿರ ಛತ್ರಿಯ ಸಿಮ್ಮು ಕಡ ತಂದು ಹಾಕಿದರೆ ಎಲ್ಲ ಉಲ್ಟಾ, ಏರುವಾಗ ಹಸಿರು, ಇಳಿಯುವಾಗ ಕೆಂಪು. ಎರಡೂ ಹಾಕೋಣವೆಂದರೆ ಪೆಟ್ಟಿಗೆಗೆ ಒಂದೇ ಬಾಯಿ, ಪೆಟ್ಟಿಗೆಯನ್ನೇ ಆ ಕಿಟಕಿಗೆ ಈ ಕಿಟಕಿಗೆ ಹೊತ್ತು ತಿರುಗೋಣವೆಂದರೆ ಹಾಸಿಗೆಯಿಂದ ಒಂದು ಕೈಯಳತೆ ಆಚೆ ಇಡಬಾರದಂತೆ. ನಿನ್ನೆ ಆ ಹುಡುಗಿಗೆ ಬೈಯುವುದಕ್ಕೆಂದೇ ಹೋದಳು, ಬೈದಳು ಕೂಡ, ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಅಂಗಡಿಗಳ ಬಾಗಿಲು ಅದುರುವ ಹಾಗೆ, ಹುಡುಗಿ ಎಲ್ಲ ಕೇಳಿಸಿಕೊಂಡು, ಅಜ್ಜಿ, ಪ್ಲಾನ್ ಸರಿಯಾಗೇ ಇದೆ, ನಿಮ್ಮ ಮನೆ ಸರಿಯಿಲ್ಲ ಅಂದಳು, ಅದನ್ನ ಒಂದು ಕಡೆ ನಿಲ್ಸಿ, ಯಾವ ಕಡೆ ನಿಲ್ಸ್ತೀರಿ ಹೇಳಿ, ಆ ಕಡೆ ಪ್ಲಾನ್ ಹಾಕ್ತೀನಿ. ಯಾವ ಕಡೆ. ಕೌಂಟರಿನ ಗಾಜಿನ ಮೇಲೆ ಎರಡು ಕಾರ್ಡು ಪಕ್ಕ ಪಕ್ಕ ಇಟ್ಟಳು, ಗಿಳಿ, ಛತ್ರಿ, ಮುದುಕಿಗೆ ಓದಲು ಬರದಿದ್ದರೂ ಇವನ್ನು ಓದುವುದು ಎಷ್ಟು ಸಲೀಸು — ಛತ್ರಿ ಅಂದರೆ ನಾದಿನಿಯ ಮಂಚ ಸದಾ ಇಟ್ಟಿಗೆಗೆ, ಇವಳಿಗೆ ಸಾಯುವವರೆಗೆ ಪೇಟೆ, ಗಿಳಿ ಅಂದರೆ ಅವಳಿಗೆ ಪೇಟೆ, ಇವಳಿಗೆ ಕೊಳವೆ, ಆ ಹನಿ. ಪೆಟ್ಟಿಗೆಗೆ ಯಾವುದಾದರೂ ಒಂದೇ, ಡಾಕ್ಟರಿಗೂ ಒಂದೇ, ನಾದಿನಿಯಂತೂ ಕೇಳುವ ಸ್ಥಿತಿಯಲ್ಲಿಲ್ಲ, ದೋಣಿ ಇವಳ ಗಂಡನದು, ದೊಡ್ಡವಳು ಇವಳು, ಮಂಡಿ ಹೋಗಿ ದಡ ಹತ್ತುವಷ್ಟರಲ್ಲಿ ಪ್ರಾಣ ಹೋಗುವವಳು ಇವಳು, ಕಿಟಕಿಯೇ ಇನ್ನು ಊರು ಇವಳಿಗೆ. ಬೇಗ ಹೇಳಿ ಅಜ್ಜಿ, ಹಿಂದೆ ಜನ ನಿಂತಿದಾರೆ. ತಿಂಗಳದ್ದು ಹಾಕ್ಲಾ, ವರ್ಷದ್ದಾ? ಯಾರಿಗೆ, ಆ ಹಾರ್ಟಿನವರಿಗಾ, ಹಾಗಾದ್ರೆ ತಿಂಗಳದ್ದೇ — ಹುಡುಗಿ ಅಲ್ಲಿಗೇ ಬಾಯಿ ಮುಚ್ಚಿಕೊಂಡಳು, ಬೆಳೆದ ಹುಡುಗಿ, ಬುದ್ಧಿ ಇದೆ. ಹತ್ತು ವರ್ಷದ್ದು ಇಲ್ವೇನೇ? ಇಲ್ಲ ಅಜ್ಜಿ, ಒಂದೇ ವರ್ಷ. ಎಂಥ ಅಂಗಡಿ ನಿಂದು, ಹಾಕು ಅದನ್ನೇ, ಅಂದು ಬೆರಳಿಟ್ಟು ತೋರಿಸಿದಳು, ಬೆರಳು ಸ್ವಲ್ಪ ಹೊತ್ತು ಎರಡರ ನಡುವೆ, ಆ ಬಿಳೀ ಹೊಳೆಯಲ್ಲೇ ನಿಂತಿತ್ತು.

ಎರಡೂ ಕಡೆ ಕಟ್ಟಿದ್ದು ದೋಣಿ ಅಲ್ಲ ಕಣೇ, ಬಟ್ಟೆ ಒಣಗಿಸೋ ಹಗ್ಗ, ಅನ್ನುತ್ತಿದ್ದರು ಯಜಮಾನರು, ಟೋಪಿ ಹಿಂದಕ್ಕೆ ತಳ್ಳಿ. ಈಗ ಟೋಪಿ ಮೊಳೆಯ ಮೇಲಿಂದ ನೋಡುತ್ತಿದೆ, ನೋಡ್ಕೊಳ್ಳಿ, ಬಟ್ಟೆ ಒಣಗಿಸುವ ಹಗ್ಗವನ್ನೇ ಬಿಚ್ಚಿಕೊಂಡು ಹೋದೆ ನಾನು ಬೆಳಗ್ಗೆ, ನಾಲ್ಕು ಮಡಿಕೆ ಮಾಡಿ, ಒಂದು ತುದಿ ಬಾಲಕ್ಕೆ ಬಿಗಿದು, ನೀರಿನ್ನೂ ಇಳಿಯುತ್ತಿತ್ತು, ದೋಣಿ ನೆಟ್ಟಗೆ ನಿಂತಿತ್ತು, ಚಿಕ್ಕ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಬಾಲದ ಹಿಂದಿನ ಆ ಮುರುಕು ಸೇತುವೆಯ ಕಂಬದವರೆಗೆ, ಎಷ್ಟು ದೂರ, ಕಲ್ಲೆಸೆದರೆ ಬೀಳುವಷ್ಟು, ಇವಳಿಗೆ ಮಾತ್ರ ಏಳು ಸಮುದ್ರ. ಡಾಂಬರಿನವನು ತನ್ನ ದೋಣಿಯ ಮೇಲಿಂದ, ಏನಜ್ಜಿ, ಈ ವಯಸ್ಸಲ್ಲಿ ಕಂಬಕ್ಕೆ ಉರುಳು ಹಾಕ್ತಿದೀರಾ? ಬಾರೋ, ಮೊದ್ಲು ನಿನ್ನ ಕತ್ತಲ್ಲಿ ಹಾಕಿ ನೋಡ್ತೀನಿ. ಬಿಡಿ ಅಜ್ಜಿ, ನಾನು ಕಟ್ಟಿಕೊಡ್ತೀನಿ. ಬೇಡ ಮಹರಾಯ, ನೀನು ಮುಟ್ಟಿದ್ದು ಎಲ್ಲಾ ಅಂಟತ್ತೆ, ಆಮೇಲೆ ಬಿಚ್ಚೋಕೂ ಆಗಲ್ಲ. ಬಿಚ್ಚಬೇಕು ಅಂತ ಇದೆಯಾ ಹಾಗಾದ್ರೆ? ಮುದುಕಿ ಹಗ್ಗ ಎಸೆದಳು, ಮೂರು ಸಲವೂ ಕಂಬ ತಪ್ಪಿತು, ನಾಲ್ಕನೇ ಸಲ ಕಂಬದ ಬುಡದ ಕಲ್ಲಿನ ಮೇಲೆ ಕಾಲಿಟ್ಟಳು, ಪಾಚಿ, ಜಾರಿ ಸೊಂಟದವರೆಗೆ ನೀರು, ಆದರೂ ಕೈಯಿಂದ ಹಗ್ಗ ಬಿಡಲಿಲ್ಲ, ಕಟ್ಟಿದಳು, ಬಿಗಿದಳು, ಸಾಕಾಯಿತು ದೇವರೇ, ಸಾಕು ಅನ್ನುವುದಕ್ಕೂ ಸಾಕಾಗಿದೆ — ಈಗ, ಈಗ ನೀರು ತಿರುಗುತ್ತಿದೆ, ಬಿಸಿಲು ಅಲ್ಲಾಡದಿದ್ದರೇನು, ಬೆನ್ನಿಗೆ ತಾಗಿದ ಕಬ್ಬಿಣದಲ್ಲೇ ಗೊತ್ತಾಗುತ್ತಿದೆ, ನೀರು ಬಂದು ಬಾಲವನ್ನು ನೂಕುತ್ತಿದೆ, ಬಾ ಬಾ ಅನ್ನುತ್ತಿದೆ, ಇಷ್ಟು ವರ್ಷ ಕರೆದಾಗೆಲ್ಲ ಹೋದದ್ದು ಇವತ್ತು ಹೋಗಲಾರದೆ ದೋಣಿ ನರಳುತ್ತಿದೆ, ಹಗ್ಗ ಕಿರ್ ಅನ್ನುತ್ತಿದೆ, ತಟ್ಟೆಗಳು ಒಂದಕ್ಕೊಂದು ತಾಗಿ ಸುಮ್ಮನಾದವು, ದೀಪ — ಹಸಿರು — ಒಂದು ಸಲ ಕಣ್ಣು ಮಿಟುಕಿಸಿತೇ, ಮಿಟುಕಿಸಿದ್ದು ದೀಪವೋ ಇವಳೋ — ಹಸಿರು. ಹಗ್ಗವೂ ಸುಮ್ಮನಾಯಿತು. ಕಣ್ಣು ಹತ್ತಿತೇನೋ, ಎದ್ದಾಗ ಬಟ್ಟೆ ಮೈಮೇಲೇ ಒಣಗಿತ್ತು, ಸೂರ್ಯ ಕಾರ್ಖಾನೆಯ ಗೋಡೆ ಹಿಂದೆ ಇಳಿದು ಬಿಸಿಲಿನ ತುಂಡು ಮಾಯವಾಗಿತ್ತು, ಹಸಿರು ಮಾತ್ರ ಹಾಗೇ, ಈ ಹೊತ್ತಿಗೆ ಇವಳ ಕಿಟಕಿಯಲ್ಲಿ ಪೇಟೆಯ ದೀಪಗಳು ಹತ್ತಬೇಕಿತ್ತು, ಅಭ್ಯಾಸಕ್ಕೆ ತಲೆ ತಿರುಗಿಸಿದರೆ ಇಟ್ಟಿಗೆ, ಕೊಳವೆ, ಹನಿ. ಇರಲಿ. ಇನ್ನು ಮೇಲೆ ಆನೆ ಬಂದಿದೆ ಅಂತ ಸುಳ್ಳು ಹೇಳುವ ಸರದಿ ಅವಳದ್ದು, ಎದ್ದು ಹೋಗಿ ಇಣುಕುವ ಸರದಿ ಇವಳದ್ದು, ಭುಜ ಅವಳದ್ದು, ಗಲ್ಲ ಇವಳದ್ದು, ಮಂಡಿ ಅಷ್ಟಕ್ಕೆ ಒಪ್ಪಿದರೆ ಸಾಕು. ಫೋನು. ನರ್ಸಮ್ಮ, ಪೂರ್ತಿ ಬಂತು ಅಮ್ಮ, ಒಂದು ಸಲಾನೂ ತಪ್ಪಿಲ್ಲ, ನಾಳೆ ಕರ್ಕೊಂಡು ಹೋಗಿ, ತಾಳಿ, ಇವರು ಫೋನ್ ಕಿತ್ಕೋತಿದಾರೆ — ಅತ್ತಿಗೆ, ನನಗಿಲ್ಲಿ ಚೆನ್ನಾಗೇ ಇದೆ, ಫ್ಯಾನಿದೆ, ನೆಲ ಅಲ್ಲಾಡಲ್ಲ, ನೀವು ಗೋಗರೀತೀರಾ ಅಂತ ಬರೋದು ನಾನು. ಗೋಗರೆದವಳು ನಾನಲ್ಲ, ಆ ನಾಯಿಗಳು, ನಿನ್ನ ಗೊರಕೆ ಇಲ್ದೆ ನಿದ್ದೆ ಇಲ್ವಂತೆ. ಉಸಿರು ಎಷ್ಟು ಸಣ್ಣಗಾಗಿದೆ ಅವಳದ್ದು, ಮಾತಿನ ನಡುವೆ ನಿಂತು ನಿಂತು ಬರುತ್ತಿದೆ, ದೋಣಿ ಕಟ್ಟಿ ಹಾಕಿದ್ರಂತೆ, ಬಾಲಾನೂ, ಬೆಳಗ್ಗೆ ಫೋನಲ್ಲಿ ನೀವೇ ಅಂದ್ರಂತೆ, ನರ್ಸಮ್ಮ ಹೇಳಿದ್ರು, ಅಣ್ಣ ಇದ್ದಿದ್ರೆ — ನಿಮ್ಮಣ್ಣನ ಟೋಪಿ ಆ ಕಡೆ ತಿರುಗಿಸಿ ಇಟ್ಟಿದೀನಿ, ಬಿಡು. ಯಾವ ಕಂಪನಿ ಹಾಕ್ಸಿದ್ರಿ ಅತ್ತಿಗೆ, ಛತ್ರಿನೇ ಅಲ್ವಾ, ನಿಮಗೆ ಪೇಟೆ ಬೇಕಲ್ಲ, ನನಗೊತ್ತಿಲ್ವಾ ನಿಮ್ಮ ಬುದ್ಧಿ, ಹಾಕ್ಸ್ಕೊಳ್ಳಿ, ನನಗೇನು, ನಾನು ಗೋಡೆ ನೋಡ್ಕೊಂಡೇ ಬಿದ್ಕೋತೀನಿ, ಹೇಳಿ, ಛತ್ರಿನೇ ತಾನೆ? ಕಿಟಕಿಯಾಚೆ ಕೊಳವೆಯ ತುದಿಯಲ್ಲಿ ಹನಿ ತುಂಬುತ್ತಿದೆ, ಉಬ್ಬುತ್ತಿದೆ, ಬೀಳುತ್ತಿಲ್ಲ. ನೀನೇ ಹೇಳು ನೋಡೋಣ, ಅಂದಳು ಮುದುಕಿ. ಹನಿ ಬಿತ್ತು.