ಪಟ್ಟಿಯಲ್ಲಿ ಉಳಿದ ಒಂದೇ ಹೆಸರು

ಮೂರು ತಾಲೂಕಿನಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಅರೆದು ಕುಡಿದವನು ನಾನೊಬ್ಬನೇ. ಸುಳ್ಯದ ಫೌಝಿಯಾ ನಾಲ್ಕು ವರ್ಷ ಕೂಡಿಸಿಟ್ಟ ರಕ್ತದಾನಿಗಳ ಪಟ್ಟಿಗೆ ನನ್ನ ಹೆಸರನ್ನು ಪ್ರೋಗ್ರಾಂ ಬರೆದೇ ಸೇರಿಸಿದೆ. ಆಗಲೇ ಫೋನ್ ಬಂತು: ಪುತ್ತೂರಿನ ಆಸ್ಪತ್ರೆಯಲ್ಲಿ ಬಾಣಂತಿಯೊಬ್ಬಳಿಗೆ ತಕ್ಷಣ ಓ ನೆಗೆಟಿವ್ ರಕ್ತ ಬೇಕು.

ಫೌಝಿಯಾ ಫೈಲ್ ತೆರೆದಳು. ಒಂಬೈನೂರು ಹೆಸರು ಮಾಯ. ಒಂದೇ ಸಾಲು ಉಂಟು.

"ಎಂತ ಮಾಡಿದ್ದು ಲತೀಶಣ್ಣ?"

ಪ್ರೋಗ್ರಾಂನಲ್ಲಿ ಫೈಲನ್ನು 'a' ಎಂದು ತೆರೆದಿದ್ದರೆ ಹೆಸರು ಕೊನೆಗೆ ಸೇರುತ್ತಿತ್ತು. ನಾನು 'w' ಎಂದು ಬರೆದಿದ್ದೆ. ಅದು ಹಳೆಯದನ್ನೆಲ್ಲ ಅಳಿಸಿಬಿಡುತ್ತದೆ. ನನ್ನ ಬೆವರಿಗೆ ಪಯಸ್ವಿನಿ ಹೊಳೆಯೇ ಉಕ್ಕಿರಬೇಕು.

"ಉಳಿದ ಸಾಲು ನಿಮ್ಮದೇ ಮಾರಾಯ್ರೆ, ಓ ನೆಗೆಟಿವ್! ಹತ್ತಿ ಕಾರಿಗೆ!"

ಸೂಜಿ ಹಾರೆಯಷ್ಟು ದಪ್ಪ ಇತ್ತು. ಬಾಣಂತಿ ಉಳಿದಳು. ನಾನು ಕಣ್ಣು ಮುಚ್ಚಿದ್ದು ಹೆದರಿಕೆಯಿಂದಲ್ಲ, ಧೂಳು ಬಿದ್ದದ್ದು.