ಕುಡಿಯದೆ ತೂರಾಡಿದವನು

ಆ ಸಂಜೆ ಕಟಿಂಗ್ ಶಾಪಿನವನು ಮನೆಗೆ ಬಂದಾಗ ಅವನ ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಇನ್ನೊಂದು ದಾರಿಯಲ್ಲೆಲ್ಲೋ ಕಳಚಿ ಬಿದ್ದಿತ್ತು. ಬಿದ್ದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

"ಇನ್ನೊಂದೆಲ್ರೀ?" ಎಂದು ಹೆಂಡತಿ ಕೇಳಿದ ಮೇಲೆ ಕಾಲು ನೋಡಿಕೊಂಡ.

"ಎಲ್ಲೋ ಬಿತ್ತು ಅನ್ಸುತ್ತೆ."

"ಕಾಲಿಂದ ಚಪ್ಪಲಿ ಜಾರಿದ್ರೆ ಗೊತ್ತಾಗಲ್ವಾ?"

"ದಣಿವು ಕಣೇ. ಬಿಟ್ಬಿಡು."

ಅವನು ಗೋಡೆ ಹಿಡಿದುಕೊಂಡು ಹಾಗೇ ಕುಸಿದು ಕೂತ. ಒಳಕೋಣೆಯಿಂದ ಅವನ ತಾಯಿ, "ದಿನವೆಲ್ಲ ನಿಂತೇ ಇರೋನು, ದಣಿವಾಗದೆ ಏನಾಗುತ್ತೆ? ವಯಸ್ಸು ಹಿಂದಕ್ಕೆ ಹೋಗುತ್ತಾ?" ಎಂದಳು. ಆ ಮನೆಯಲ್ಲಿ ದಣಿವು ಹೊಸದೇನಲ್ಲ. ಹೆಂಡತಿ ಬೆಳಗ್ಗೆ ಎದ್ದವಳು ಎಲ್ಲರ ಊಟ ಮುಗಿದ ಮೇಲೆ ಪಾತ್ರೆಯ ತಳ ಕೆರೆದು ಉಣ್ಣುತ್ತಿದ್ದಳು. ತಾಯಿಗೆ ಮಂಡಿನೋವು. ಮೂವರೂ ಸುಸ್ತು ಎನ್ನುತ್ತಲೇ ಏಳುತ್ತಿದ್ದರು, ಸುಸ್ತು ಎನ್ನುತ್ತಲೇ ಮಲಗುತ್ತಿದ್ದರು.

ಆದರೆ ಅವನ ಸುಸ್ತು ಬೇರೆಯಾಗಿತ್ತು. ಪಾದಗಳಲ್ಲಿ ಇರುವೆ ಹರಿದಂತೆ ಆಗುತ್ತಿತ್ತು. ಬೆರಳುಗಳಿಗೆ ಜೋಮು ಹಿಡಿದರೆ ಬಿಡುತ್ತಿರಲಿಲ್ಲ. ಬಾಚಣಿಗೆ ಕೈಯಿಂದ ಜಾರುತ್ತಿತ್ತು. ಬಾಯಿ ಉರಿಯುತ್ತಿತ್ತು. ಇದನ್ನೆಲ್ಲ ಅವನು ಯಾರಿಗೂ ಹೇಳಿರಲಿಲ್ಲ. ಕತ್ತಿ ಹಿಡಿಯುವವನು ನನ್ನ ಕೈಗೆ ಸ್ಪರ್ಶ ಇಲ್ಲ ಎಂದು ಹೇಳಿಕೊಂಡರೆ ಅವನ ಮುಂದೆ ಕತ್ತು ಒಡ್ಡುವವರು ಯಾರು?

ಬೀದಿಯಲ್ಲಿ ಅವನನ್ನು ಹಗುರಕೈ ಎಂದೇ ಕರೆಯುತ್ತಿದ್ದರು. ಗಡ್ಡ ಮಾಡಿಸಿಕೊಳ್ಳಲು ಕೂತವರು ಅವನ ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದರು. ಟಪಾಲು ಕೆಲಸದಿಂದ ನಿವೃತ್ತರಾದ ಅಜ್ಜನಂತೂ ಗೊರಕೆಯನ್ನೇ ಹೊಡೆಯುತ್ತಿದ್ದರು. ಚಪ್ಪಲಿ ಕಳೆದುಹೋದ ಆ ವಾರವೇ ಅಜ್ಜ ಹಾಗೆ ಕಣ್ಣು ಮುಚ್ಚಿ ಕೂತಿದ್ದಾಗ ಕತ್ತಿ ಜಾರಿತು. ಕಿವಿಯ ಕೆಳಗೆ ಗಾಯವಾಯಿತು. ಹಗುರಕೈ ಪಟಿಕದ ಕಲ್ಲು ಉಜ್ಜಿದ, ಹತ್ತಿ ಒತ್ತಿದ. ಬಿಳಿ ಟವೆಲಿನ ಮೇಲೆ ಕೆಂಪು ಹರಡಿತು.

"ಪರವಾಗಿಲ್ಲ ಬಿಡಪ್ಪ, ಆಗುತ್ತೆ" ಎಂದರು ಅಜ್ಜ. ಬೈದಿದ್ದರೆ ವಾಸಿಯಿತ್ತು. ಮುಂದಿನ ಸಲ ಅವರು ಅಂಗಡಿಯ ಮುಂದೆಯೇ ತಲೆ ತಗ್ಗಿಸಿಕೊಂಡು ಹಾದು, ಎದುರಿನ ಸಾಲಿನ ಇನ್ನೊಂದು ಅಂಗಡಿಗೆ ಹೋದರು. ಅವನು ಕನ್ನಡಿಯಲ್ಲಿ ಅದನ್ನು ನೋಡಿದ.

ಅಂದು ಮನೆಗೆ ಬಂದವನೇ ಚಾಪೆ ಬಿಡಿಸಿ ಮಲಗಿಬಿಟ್ಟ. ಕಣ್ಣು ಮುಚ್ಚಿದ್ದ, ನಿದ್ದೆ ಬಂದಿರಲಿಲ್ಲ. ಹೆಂಡತಿ ದಿಂಬು ಸರಿಮಾಡುವ ನೆಪದಲ್ಲಿ ಬಗ್ಗಿ ಅವನ ಬಾಯಿಯ ಹತ್ತಿರ ಮುಖ ತಂದಳು.

"ಮೂಸಿ ನೋಡ್ತಿದೀಯಾ?" ಎಂದ ಅವನು ಕಣ್ಣು ತೆರೆಯದೆ.

ಅವಳು ಬೆಚ್ಚಿ ಹಿಂದೆ ಸರಿದಳು. "ನಲ್ಲಿ ಹತ್ರ ಎಲ್ಲರೂ ಆಡ್ಕೊಳ್ತಾರ್ರೀ. ನಿನ್ನ ಗಂಡ ಗೋಡೆ ಹಿಡ್ಕೊಂಡು ಬರ್ತಾನೆ, ಮಾತು ಮರೀತಾನೆ, ಸಂಜೆಯಾದ್ರೆ ಎಲ್ಲಿಗೆ ಹೋಗ್ತಾನೆ ವಿಚಾರಿಸ್ಕೋ ಅಂತ. ನಾನೇನು ಮಾಡ್ಲಿ?"

"ವಾಸನೆ ಬಂತಾ?"

"ಸೋಪಿನ ವಾಸನೆ ಬಂತು."

ಜನ್ಮದಲ್ಲಿ ಒಂದು ತೊಟ್ಟು ಮುಟ್ಟದವನು ಅವನು. ಜಗಳವಾಡುವಷ್ಟು ಕಸುವೂ ಇರಲಿಲ್ಲ. ಗೋಡೆಯ ಕಡೆಗೆ ಹೊರಳಿದ.

ಹೆಂಡತಿಯ ತಂಗಿ ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿಕೊಂಡು ಭಾನುವಾರ ಬೆಳಗ್ಗೆ ಅಕ್ಕನ ಮನೆಗೆ ಬಂದಳು. ಅವಳಿಗೂ ನಿದ್ದೆಯಿಲ್ಲದೆ ಕಣ್ಣು ಒಳಗೆ ಹೋಗಿದ್ದವು. ಜಗಲಿಯಲ್ಲಿ ಕಾಲು ಚಾಚಿ ಕೂತು, ಬಚ್ಚಲಲ್ಲಿ ಭಾವ ಮುಖ ತೊಳೆಯುವುದನ್ನು ಸುಮ್ಮನೆ ನೋಡುತ್ತಿದ್ದಳು. ಅವನು ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ. ಮುಚ್ಚಿದ್ದೇ ತಡ, ಪಕ್ಕಕ್ಕೆ ವಾಲಿ ಗೋಡೆಗೆ ಭುಜ ಹೊಡೆದುಕೊಂಡ.

"ಭಾವ, ದಿನಾ ಹೀಗೆ ಆಗುತ್ತಾ?"

"ಬಚ್ಚಲು ಜಾರುತ್ತಮ್ಮ."

"ಹಾಗಾದ್ರೆ ಈಚೆ ಬನ್ನಿ. ಒಣನೆಲದ ಮೇಲೆ ಕಾಲು ಜೋಡಿಸಿ ನಿಂತ್ಕೊಳ್ಳಿ. ನಾನು ಪಕ್ಕದಲ್ಲೇ ಇರ್ತೀನಿ. ಕಣ್ಣು ಮುಚ್ಚಿ."

ಮುಚ್ಚಿದ. ಕಡಿದ ಬಾಳೆಯ ಹಾಗೆ ವಾಲಿದ. ಅವಳು ತೋಳು ಹಿಡಿದು ನಿಲ್ಲಿಸಿದಳು. "ನಾಲಿಗೆ ತೋರಿಸಿ" ಎಂದಳು. ನಾಲಿಗೆ ಕೆಂಪಗೆ, ನುಣ್ಣಗೆ ಬೋಳಾಗಿತ್ತು.

"ಬೆಳಗ್ಗೆ ಏನು ತಿಂತೀರಾ?"

"ಟೀ."

"ಮಧ್ಯಾಹ್ನ?"

"ಬನ್ನು, ಟೀ."

"ಸಂಜೆ?"

"ಟೀ" ಎಂದಳು ಒಳಗಿನಿಂದ ಹೆಂಡತಿ. "ಮನೆಗೆ ಬಂದು ನಾಲ್ಕು ತುತ್ತು ಅನ್ನ, ತಿಳಿ ಬೇಳೆನೀರು. ಹಾಲು, ಮೊಸರು, ಮೊಟ್ಟೆ ಯಾವುದೂ ಬೇಡ. ಹೊಟ್ಟೆ ಉರಿಯುತ್ತಂತೆ. ವರ್ಷಗಟ್ಟಲೆಯಿಂದ ದಿನಾ ಮೆಡಿಕಲ್ ಶಾಪಿಂದ ಮಾತ್ರೆ ತಂದು ನುಂಗ್ತಾರೆ."

"ನಿಮ್ಮ ಮೈಯಿಂದ ರಕ್ತ ತೆಗೆದ್ರೆ ಟೀನೇ ಬರುತ್ತೆ ಭಾವ. ನಾಳೆ ಆಸ್ಪತ್ರೆಗೆ ಬನ್ನಿ."

"ಏನೂ ಬೇಡ. ಸುಸ್ತಿಗೆಲ್ಲ ಆಸ್ಪತ್ರೆಗೆ ಹೋದ್ರೆ ಬೀದಿಗೆ ಬೀದಿನೇ ಹೋಗ್ಬೇಕು. ಎರಡು ದಿನ ಮಲಗಿದ್ರೆ ಸರಿಹೋಗುತ್ತೆ."

"ದಿನಾ ರಾತ್ರಿ ಮಲಗ್ತಾನೇ ಇದೀರಲ್ಲ? ಸರಿಹೋಯ್ತಾ?"

ಅವನು ಮುಖದ ಸೋಪು ಒರೆಸಿಕೊಂಡ. ತಾಯಿಯೇ ನಕ್ಕಳು: "ಅವನಿಗೆ ಸೂಜಿ ಅಂದ್ರೆ ಪ್ರಾಣಭಯ ಕಣಮ್ಮ. ಊರವರ ಕತ್ತಿನ ಮೇಲೆಲ್ಲ ಕತ್ತಿ ಆಡಿಸ್ತಾನೆ, ಸೂಜಿ ಕಂಡ್ರೆ ಅಟ್ಟ ಹತ್ತುತಾನೆ."

ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ. ಕೈಬೆರಳುಗಳನ್ನು ನೋಡಿಕೊಳ್ಳುತ್ತಾ, "ಟಪಾಲು ಅಜ್ಜನ ಕಿವಿ ಕೆಳಗೆ ಕುಯ್ದೆ" ಎಂದ. "ಕತ್ತಿ ತಾಗಿದ್ದು ನನ್ನ ಕೈಗೆ ಗೊತ್ತೇ ಆಗ್ಲಿಲ್ಲ. ಇನ್ನೊಂದು ಸ್ವಲ್ಪ ಕೆಳಗೆ ಇಳಿದಿದ್ರೆ?" ಮನೆಯವರಿಗೆ ಈ ಸಂಗತಿ ತಿಳಿದದ್ದು ಆಗಲೇ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮರುದಿನ ಅವಳೇ ಅಂಗಡಿಯ ಬಾಗಿಲು ಎಳೆದು ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ರಕ್ತ ಪರೀಕ್ಷೆ ಆಯಿತು. ನರ್ಸು ತಂಗಿ ಅಲ್ಲೇ ಇದ್ದವಳು, "ಬಂದಿದ್ದೀಯಲ್ಲ, ನಿಂದೂ ಒಂದು ತೊಟ್ಟು ಕೊಡು" ಎಂದು ಅಕ್ಕನ ತೋಳನ್ನೂ ಹಿಡಿದಳು. "ನಂಗೇನಾಗಿದೆ?" ಎಂದು ಅಕ್ಕ ಗೊಣಗಿದಳು, ಆದರೂ ಕೊಟ್ಟಳು.

ಫಲಿತಾಂಶ ಬಂದಾಗ ಡಾಕ್ಟರು ಅವನನ್ನು ಮೊದಲು ಕೂರಿಸಿಕೊಂಡರು. ಬಿ-ಹನ್ನೆರಡು ಎನ್ನುವ ಜೀವಸತ್ವ ಅವನ ಮೈಯಲ್ಲಿ ತೀರಾ ಕಡಿಮೆಯಾಗಿತ್ತು. ಮೊದಲು ಇಂಜೆಕ್ಷನ್, ಆಮೇಲೆ ಮಾತ್ರೆ ಮತ್ತು ಊಟ ಎಂದರು. ಹೊಟ್ಟೆಯುರಿಯ ಮಾತ್ರೆಯನ್ನು ಕೇಳದೆ ವರ್ಷಾನುಗಟ್ಟಲೆ ನುಂಗಿದ್ದೂ ತಪ್ಪು, ಅದು ಈ ಜೀವಸತ್ವ ಮೈಗೆ ಹತ್ತದ ಹಾಗೆ ಮಾಡುತ್ತದೆ ಎಂದರು.

ಸಂಜೆ ಮನೆಯಲ್ಲಿ ತಾಯಿ ಕೇಳಿದಳು, "ಅದೇನಮ್ಮ ಹನ್ನೆರಡು? ಹನ್ನೊಂದು ಸಾಲಲ್ವಂತಾ?"

ಅವರ ಜೊತೆ ಬಂದಿದ್ದ ನರ್ಸು ನಕ್ಕು, ಒಲೆಯ ಪಕ್ಕ ಕೂತು ಹೇಳಿದಳು: "ಕರೆಂಟಿನ ವೈರಿನ ಮೇಲೆ ರಬ್ಬರ್ ಇರುತ್ತಲ್ಲಮ್ಮ, ನಮ್ಮ ನರಗಳ ಮೇಲೂ ಅಂಥದ್ದೊಂದು ಹೊದಿಕೆ ಇದೆ. ಅದು ಚೆನ್ನಾಗಿರಬೇಕಾದ್ರೆ ಬಿ-ಹನ್ನೆರಡು ಬೇಕು. ಹೊದಿಕೆ ಸವೆದ್ರೆ ಪಾದದ ಸುದ್ದಿ ತಲೆಗೆ ಮುಟ್ಟಲ್ಲ. ನೆಲ ಎಲ್ಲಿದೆ ಅಂತ ಕಾಲಿಗೇ ಗೊತ್ತಾಗಲ್ಲ. ಜನ ಅದನ್ನ ಕುಡಿತ ಅಂದ್ರು."

"ಯಾವ ಸೊಪ್ಪಲ್ಲಿ ಸಿಗುತ್ತೆ ಹೇಳು, ತರ್ತೀನಿ" ಎಂದಳು ಅಕ್ಕ.

"ಸೊಪ್ಪಲ್ಲಿ ಇಲ್ಲ ಅಕ್ಕ, ಕಾಳಲ್ಲೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಇದೆ. ಮಾಂಸ ತಿನ್ನದವರು ಹಾಲು ಮೊಸರನ್ನಾದ್ರೂ ಬಿಡಬಾರದು. ಅದೂ ಆಗದವರು ಡಾಕ್ಟರನ್ನ ಕೇಳಿ ಮಾತ್ರೆ ತಗೋಬೇಕು. ಸೊಪ್ಪಿಗೆ ಅದರದ್ದೇ ಕೆಲಸ ಇದೆ, ಬೇಳೆಗೆ ಅದರದ್ದು. ಬೇಳೆ, ಕಾಳು, ಕಡಲೆಬೀಜ ಮಾಂಸಖಂಡ ಕಟ್ಟುತ್ತೆ. ಬರೀ ಬೇಳೆನೀರು ಕುಡಿದ್ರೆ ಆಗಲ್ಲ ಭಾವ, ತಳದಲ್ಲಿರೋ ಬೇಳೆ ತಿನ್ಬೇಕು."

"ನನ್ನ ಮಂಡಿಗೆ?" ಎಂದಳು ತಾಯಿ.

"ನೀವೂ ಹಾಲು ಮೊಸರು ತಗೊಳ್ಳಿ, ಎಳ್ಳು ತಿನ್ನಿ, ಮೂಳೆಗೆ ಸುಣ್ಣದಂಶ ಸಿಗುತ್ತೆ. ಆ ಸುಣ್ಣ ಮೂಳೆ ಸೇರಬೇಕಾದ್ರೆ ಬಿಸಿಲು ಬೇಕು. ನೀವು ಒಳಕೋಣೆ ಬಿಟ್ಟು ಬರೋದೇ ಇಲ್ಲ. ಒಂದ್ಸಲ ಮಂಡಿನೂ ಡಾಕ್ಟರಿಗೆ ತೋರಿಸೋಣ."

ಆಮೇಲೆ ಅವಳು ಚೀಲದಿಂದ ಇನ್ನೊಂದು ಚೀಟಿ ತೆಗೆದಳು.

"ಭಾವ, ಇದು ಅಕ್ಕಂದು. ರಕ್ತ ಇರಬೇಕಾದ್ದರ ಅರ್ಧಕ್ಕೆ ಇಳಿದಿದೆ. ಕಬ್ಬಿಣದಂಶ ಇಲ್ಲ. ಇವಳು ಹೇಗೆ ನೀರು ಹೊರ್ತಿದ್ದಾಳೋ, ಹೇಗೆ ಮೆಟ್ಟಿಲು ಹತ್ತುತಿದ್ದಾಳೋ ಅಂತ ಡಾಕ್ಟರೇ ಕೇಳಿದ್ರು."

ಹೆಂಡತಿ ಒಲೆಯ ಮೇಲಿನ ಪಾತ್ರೆಯನ್ನು ಇಳಿಸುತ್ತಾ, "ಕೆಲಸ ಮಾಡೋರಿಗೆ ಸುಸ್ತು ಇದ್ದದ್ದೇ" ಎಂದಳು. ಗಂಡ ಅವಳ ಮುಖ ನೋಡಿದ. ತುಟಿ ಬೆಳ್ಳಗಿತ್ತು. ಉಗುರು ಬೆಳ್ಳಗಿತ್ತು. ಎಷ್ಟು ದಿನದಿಂದ ಹೀಗಿತ್ತೋ! ಅವಳು ತೂರಾಡಿರಲಿಲ್ಲ, ಚಪ್ಪಲಿ ಕಳೆದಿರಲಿಲ್ಲ, ಯಾರನ್ನೂ ಕುಯ್ದಿರಲಿಲ್ಲ. ಅದಕ್ಕೇ ಯಾರೂ ಕೇಳಿರಲಿಲ್ಲ.

"ಏನು ಮಾಡ್ಬೇಕು ಹೇಳಮ್ಮ" ಎಂದ ಅವನು ನಾದಿನಿಗೆ.

"ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ತಪ್ಪಿಸಬಾರದು. ಸೊಪ್ಪು, ಕಾಳು ಮಾಡಿದಾಗ ಮೇಲೆ ನಿಂಬೆಹಣ್ಣು ಹಿಂಡ್ಕೊಂಡು ತಿನ್ಬೇಕು. ಹುಳಿ ಇದ್ರೆ ಕಬ್ಬಿಣ ರಕ್ತಕ್ಕೆ ಬೇಗ ಹತ್ತುತ್ತೆ. ತಿನ್ನೋರಾದ್ರೆ ಮಾಂಸ, ಮೀನು ಇನ್ನೂ ಒಳ್ಳೇದು. ಊಟದ ಜೊತೆ ಟೀ ಬೇಡವೇ ಬೇಡ, ತಿಂದ ಕಬ್ಬಿಣವನ್ನ ಅದು ಮೈಗೆ ಸೇರೋಕೆ ಬಿಡಲ್ಲ. ಊಟಕ್ಕೂ ಟೀಗೂ ನಡುವೆ ಒಂದು ಗಂಟೆಯಾದ್ರೂ ಬಿಡಿ. ಇನ್ನೊಂದು ಮಾತು. ಇವಳು ಕೊನೇಲಿ ಉಂಡ್ರೆ ಇವಳ ಪಾಲಿಗೆ ತಳವೇ ಗತಿ."

ಅವನು ಎದ್ದ. ಗೋಡೆ ಹಿಡಿದುಕೊಂಡೇ ಎದ್ದ. ತಟ್ಟೆ ತೆಗೆದು ಹೆಂಡತಿಯ ಮುಂದೆ ಇಟ್ಟು, ಪಾತ್ರೆಯ ತಳಕ್ಕೆ ಸೌಟು ಹಾಕಿ ಗಟ್ಟಿ ಬೇಳೆ ಬಡಿಸಿದ. ಸ್ವಲ್ಪ ನೆಲಕ್ಕೆ ಚೆಲ್ಲಿತು.

"ನೀವು ಉಂಡಿಲ್ವಲ್ರೀ" ಎಂದಳು.

"ಜೊತೆಗೆ ಉಣ್ಣೋಣ, ಕೂತ್ಕೊ."

ಅವಳು ಕೂತಳು. ಮೊದಲ ತುತ್ತು ಎತ್ತುವಾಗ ಅವಳ ಕಣ್ಣಲ್ಲಿ ನೀರು ಬಂತು. ಒಲೆಯ ಹೊಗೆ ಎಂದಳು. ಒಲೆ ಆಗಲೇ ಆರಿತ್ತು.

ಇದೆಲ್ಲ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಅವನು ಇಂಜೆಕ್ಷನ್ನಿಗೆ ಪ್ರತಿ ಸಲವೂ ಹಲ್ಲು ಕಚ್ಚಿ ಹೋದ. ಡಾಕ್ಟರು ಹೇಳುವವರೆಗೂ ಕತ್ತಿ ಮುಟ್ಟಲಿಲ್ಲ, ಕತ್ತರಿ ಕೆಲಸ ಮಾತ್ರ ಮಾಡಿದ. ತಿಂಗಳುಗಳ ಮೇಲೆ ಕೈಬೆರಳಿಗೆ ಬಿಸಿ, ತಂಪು, ಮೊನಚು ಎಲ್ಲ ತಿಳಿಯತೊಡಗಿತು. ಎಡಗಾಲಿನ ಎರಡು ಬೆರಳಿಗೆ ಮಾತ್ರ ಇಂದಿಗೂ ಜೋಮು. ಇನ್ನೂ ಮೊದಲೇ ಬಂದಿದ್ದರೆ ಅದೂ ಹೋಗುತ್ತಿತ್ತೇನೋ ಎಂದರು ಡಾಕ್ಟರು. ಹೆಂಡತಿಯ ತುಟಿಗೆ ನಿಧಾನವಾಗಿ ಬಣ್ಣ ಬಂತು. ಈಗಲೂ ದಿನದ ಕೆಲಸಕ್ಕೆ ದಣಿಯುತ್ತಾಳೆ. ಆದರೆ ಮಲಗಿ ಎದ್ದರೆ ಆ ದಣಿವು ಹೋಗುತ್ತದೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಮನೆಯವರ ಮುಖವನ್ನೊಮ್ಮೆ ಸರಿಯಾಗಿ ನೋಡಿ. ಮಲಗಿ ಎದ್ದರೂ ಹೋಗದ ಸುಸ್ತು, ಬಿಡದ ಜೋಮು, ಬಿಳಿಚಿದ ತುಟಿ, ಉರಿಯುವ ನಾಲಿಗೆ ಇದ್ದರೆ ವಯಸ್ಸು ಎಂದು ತಳ್ಳಿಹಾಕಬೇಡಿ, ಕುಡಿತ ಎಂದು ಆಡಿಕೊಳ್ಳಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ನಿಮ್ಮಷ್ಟಕ್ಕೆ ನೀವೇ ಮಾತ್ರೆ ನುಂಗಬೇಡಿ. ಹೊಟ್ಟೆ ತುಂಬಿದರೆ ಸಾಲದು, ತಟ್ಟೆಯಲ್ಲಿ ಬೇಳೆಯೂ ಇರಲಿ, ಸೊಪ್ಪೂ ಹಣ್ಣೂ ಇರಲಿ, ಹಾಲೋ ಮೊಸರೋ ಮೊಟ್ಟೆಯೋ ನಿಮಗೆ ಒಗ್ಗುವುದು ಇರಲಿ. ತೂರಾಡುವವರ ಕಾಯಿಲೆ ಊರಿಗೆಲ್ಲ ಕಾಣುತ್ತದೆ. ಸುಮ್ಮನೆ ನಿಂತು ಬಡಿಸುವವರದು ಕಾಣುವುದಿಲ್ಲ. ಇವತ್ತು ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿ: "ನಿನ್ನ ಊಟ ಆಯ್ತಾ?"