ತುರಚೆ ನಾರಿನ ಕುಲಾವಿ

ಬಕೆಟ್ಟಿನ ನೀರಿನಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು, ತುರಚೆ ಗಿಡದ ದಂಟುಗಳು ನೆನೆಯುತ್ತಿವೆ, ಇವತ್ತಿಗೆ ಹನ್ನೊಂದು ದಿನ, ಕೊಳೆತ ಹುಲ್ಲಿನ ವಾಸನೆ, ಈಗಲೇ ಸಿಪ್ಪೆ ಬಿಡಿಸದಿದ್ದರೆ ನಾರೂ ಕೊಳೆಯುತ್ತದೆ, ಬಿಡಿಸಬೇಕು, ಕೈ ಏಳುತ್ತಿಲ್ಲ — ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ಜೋಡಿಸುತ್ತಿದ್ದಾಳೆ, ಸದ್ದಾಗದ ಹಾಗೆ, ಮೊದಲೆಲ್ಲ ಅವಳಿಗೆ ಸಿಟ್ಟು ಬಂದರೆ ತಟ್ಟೆ ಲೋಟಗಳೇ ಮಾತಾಡುತ್ತಿದ್ದವು, ಈ ನಾಲ್ಕು ದಿನದಿಂದ ಒಂದು ಚಮಚವೂ ತುಟಿ ಬಿಚ್ಚಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಪರದೆಯ ಮೇಲೆ ಅವಳ ಮುಷ್ಟಿ, ಬಾಗಿಲಷ್ಟು ದೊಡ್ಡದು — ಬೇಡ, ಅದು ಬೇಡ, ದಂಟು ನೋಡು, ಕೆಲಸ ನೋಡು. ಈ ಬೆರಳುಗಳಿಂದಲೇ ಎಲ್ಲ ಶುರುವಾದದ್ದು, ಗ್ಯಾರೇಜಿನಲ್ಲಿ ಬಸ್ಸಿನ ಜಾಕು ಜಾರಿ ಬಲಗೈಯ ನಾಲ್ಕೂ ಜಜ್ಜಿಹೋದವು, ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ತುದಿಗೆ ಕೊಕ್ಕೆಯಿರುವ ಒಂದು ಕ್ರೋಶಾ ಕಡ್ಡಿ ಕೊಟ್ಟಳು, ಅಂಕಲ್, ಇದನ್ನ ಹಿಡ್ಕೊಂಡು ಕುಣಿಕೆ ಹಾಕ್ತಾ ಇರಿ, ಬೆರಳು ತಾವಾಗೇ ಮಡಚ್ತವೆ. ಮಡಚಿದವು, ಆದರೆ ಕಡ್ಡಿ ಕೈ ಬಿಡಲಿಲ್ಲ. ಉಣ್ಣೆ ಬೇಸರವಾಗಿ ಹಿತ್ತಲಿಗಿಳಿದೆ, ನಾರಿಗೂ ಸ್ವಭಾವ ಇರುತ್ತದೆ, ಬಾಳೆ ನಾರು ಹೇಳಿದ ಮಾತು ಕೇಳುತ್ತದೆ, ಕತ್ತಾಳೆ ಜಗಳಗಂಟ, ಅಂಗೈ ಗೀರದೆ ಬಿಡುವುದಿಲ್ಲ, ಇನ್ನು ತುರಚೆ, ಹಸಿಯಲ್ಲಿ ಮುಟ್ಟಿದವರ ಕೈ ಉರಿಸುವ ಗಿಡ, ನೆನೆಸಿ ಬಡಿದು ಬಾಚಿದರೆ ರೇಷ್ಮೆಗೇ ಅಣ್ಣ. ಬಿಸಿ ಪಾತ್ರೆಗೆ ಸಿಂಬೆ, ಕಾಲೊರೆಸು, ಈರುಳ್ಳಿ ತೂಗುಹಾಕುವ ಚೀಲ, ಕೊನೆಗೆ ಆ ದೀಪದ ಮುಚ್ಚಳ, ದೀಪಕ್ಕೆ ಕುಲಾವಿ ಹೆಣೆದಿದ್ದೀರಲ್ರೀ ಎಂದು ಅವಳು ಸ್ವಿಚ್ಚು ಹಾಕಿದಾಗ ಗೋಡೆ ತುಂಬ ಎಲೆಯ ನರಗಳಂಥ ನೆರಳು, ಇಬ್ಬರೂ ಊಟ ಮರೆತು ನೋಡಿದ್ದೆವು.

ಇದೆಲ್ಲ ಬಾಗಿಲು ಹಾಕಿಕೊಂಡು. ಬಾಗಿಲು ಬಡಿದ ಸದ್ದಾದರೆ ಕಡ್ಡಿ ದಿಂಬಿನ ಕೆಳಗೆ. ಗ್ಯಾರೇಜಿನ ಮೇಸ್ತ್ರಿ ಒಂದು ಭಾನುವಾರ ಹೇಳದೆ ಕೇಳದೆ ಬಂದು ಸಿಂಬೆ ಎತ್ತಿ ನೋಡಿ, ಇದ್ಯಾರಯ್ಯಾ ಮಾಡಿದ್ದು ಸ್ಪ್ಯಾನರ್, ಅಂದಾಗ — ನನ್ನನ್ನು ಅಲ್ಲಿ ಎಲ್ಲರೂ ಸ್ಪ್ಯಾನರ್ ಅನ್ನುವುದು — ನನ್ನ ಬಾಯಿ ನನ್ನನ್ನೂ ಕೇಳದೆ ಹೇಳಿತು, ಇವಳು. ಅದೇ ವಾರ ಗ್ಯಾರೇಜಿನ ಎಲೆಕ್ಟ್ರಿಷಿಯನ್ ತನ್ನ ಮಗಳಿಗೆ ದಿನಾ ತಾನೇ ಜಡೆ ಹಾಕುತ್ತಾನೆಂದು ಗೊತ್ತಾಗಿ, ನಾಳೆ ಬಳೆ ತೊಟ್ಕೊಂಡು ಬಾರಯ್ಯ ಎಂದು ಅವನನ್ನು ಗೋಳುಹೊಯ್ದುಕೊಂಡಿದ್ದರು, ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಮೇಸ್ತ್ರಿ ಹೋದ ಮೇಲೆ ಇವಳಿಗೆ ನಗು ತಡೆಯಲಾಗಲಿಲ್ಲ, ಅಲ್ರೀ, ಒಂದು ಗುಂಡಿ ಹೊಲಿಯೋಕೂ ಬಾರದವಳನ್ನ ಕಲಾವಿದೆ ಮಾಡಿಬಿಟ್ರಲ್ಲ, ಹೋಗಲಿ, ನನ್ನ ಹೆಸರೇನು ಸವೆದುಹೋಗುತ್ತಾ. ಮೇಸ್ತ್ರಿಯ ಹೆಂಡತಿಯಿಂದ ಸುದ್ದಿ ಮಹಿಳಾ ಸಂಘಕ್ಕೆ ಮುಟ್ಟಿತು, ಅವರು ದೀಪದ ಕುಲಾವಿಯನ್ನು ಇವಳ ಹೆಸರಿನಲ್ಲಿ ಪ್ರದರ್ಶನಕ್ಕೆ ಎತ್ತಿಕೊಂಡು ಹೋದರು, ಆಗ ಇವಳು ನಗಲಿಲ್ಲ, ಬೇಡ ರೀ, ನಿಜ ಹೇಳಿಬಿಡಿ. ಶಾಲೆಯ ಆಫೀಸಿನಲ್ಲಿ ಇಪ್ಪತ್ತು ವರ್ಷ ಟೈಪು ಮಾಡಿದವಳು, ಒಂದು ತಪ್ಪು ಅಕ್ಷರ ಬಿದ್ದರೆ ಇಡೀ ಹಾಳೆ ಹರಿದು ಮತ್ತೆ ಹೊಡೆಯುವವಳು, ಅವಳಿಗೆ ನಾನು ಹೇಳಿದೆ, ಇದೊಂದೇ ಸಲ ಕಣೇ, ಇದೊಂದು ಸಲ ದಾಟಿಸಿಬಿಡು.

ಮೊದಲ ಬಹುಮಾನ. ಹೆಸರು ಕೂಗಿದರು, ಅವಳು ವೇದಿಕೆ ಹತ್ತಿ ಫಲಕ ತೆಗೆದುಕೊಂಡಳು, ಇಳಿಯಲು ಹೊರಟಳು, ಅಷ್ಟರಲ್ಲಿ ಮೈಕು ಹಿಡಿದವಳು, ಅಕ್ಕಾ, ಒಂದೇ ಒಂದು ಸಾಲು ಹೆಣೆದು ತೋರಿಸಿ, ಎಲ್ಲರೂ ನೋಡಲಿ — ಕುರ್ಚಿ ಬಂತು, ನಾರಿನ ಉಂಡೆ ಬಂತು, ಕ್ಯಾಮೆರಾದವನು ಕೈಗೇ ಗುರಿಯಿಟ್ಟ, ಹಿಂದಿನ ಪರದೆಯ ಮೇಲೆ ಅವಳ ಮುಷ್ಟಿ, ಬಾಗಿಲಷ್ಟು ದೊಡ್ಡದು, ಕಡ್ಡಿಯನ್ನು ಸೌಟು ಹಿಡಿದ ಹಾಗೆ ಹಿಡಿದಿದ್ದಾಳೆ, ಕೊಕ್ಕೆ ಇರುವ ತುದಿ ಅಂಗೈ ಕಡೆಗೆ. ತಲೆಕೆಳಗು, ತಿರುಗಿಸು, ತಿರುಗಿಸೇ, ನನ್ನ ಬೆರಳುಗಳು ತೊಡೆಯ ಕೆಳಗೆ ತಾವಾಗೇ ಕುಣಿಕೆ ಹಾಕುತ್ತಿವೆ, ಪಕ್ಕದಲ್ಲಿ ಮೇಸ್ತ್ರಿ ಕಡಲೆಕಾಯಿ ಸುಲಿಯುತ್ತಿದ್ದಾನೆ, ಹಿಂದಿನ ಸಾಲಿನಿಂದ ಯಾರೋ, ಕೊಂಡು ತಂದಿದ್ದು ಕಣೇ ಅದು, ನೋಡಿದ್ರೆ ಗೊತ್ತಾಗಲ್ವಾ, ಒಂದು ನಗು, ನಗುವಿನಿಂದ ನಗು. ಅವಳು ತಲೆಯೆತ್ತಿದಳು, ಸಾಲು ಸಾಲಾಗಿ ಹುಡುಕುತ್ತ ಬಂದು ನನ್ನಲ್ಲಿ ನಿಂತಳು. ನಾನು ಬಗ್ಗಿದೆ. ಶೂ ಲೇಸು ಕಟ್ಟುವವನ ಹಾಗೆ ಬಗ್ಗಿದೆ, ಕಾಲಿನಲ್ಲಿದ್ದದ್ದು ಚಪ್ಪಲಿ. ನೆಲದ ಮೇಲೆ ಕಡಲೆ ಸಿಪ್ಪೆ ಎಣಿಸುತ್ತಿರುವಾಗ ಮೈಕಿನಲ್ಲಿ ಅವಳ ದನಿ ಕೇಳಿಸಿತು, ಕ್ಷಮಿಸಿ, ಇವತ್ತು ಕೈ ನೋಯ್ತಾ ಇದೆ.

ಮಾರನೆಯ ಬೆಳಿಗ್ಗೆ ಅವಳೇ ಹೋಗಿ ಫಲಕ ಹಿಂತಿರುಗಿಸಿ ಬಂದು, ನಾನು ಮಾಡಿದ್ದಲ್ಲ ಅಂದೆ, ಮತ್ತೆ ಯಾರು ಅಂತ ಕೇಳಿದ್ರು, ಹೇಳಲಿಲ್ಲ — ಇಷ್ಟೇ ಹೇಳಿ ಕೆಲಸಕ್ಕೆ ಹೊರಟುಹೋದಳು. ಶಾಲೆಯಲ್ಲಿ ಅವಳು ಬಂದರೆ ಮಾತು ನಿಲ್ಲುತ್ತದಂತೆ, ಎದುರುಮನೆಯಾಕೆ ನನಗೆ ಹೇಳಿದ್ದು, ಇವಳಲ್ಲ. ಇವತ್ತು ತಡೆಯಲಾಗಲಿಲ್ಲ, ಕಡ್ಡಿ, ನಾರು ಎರಡನ್ನೂ ಜೇಬಿಗೆ ತುರುಕಿಕೊಂಡು ಗ್ಯಾರೇಜಿಗೆ ಹೋದೆ, ಊಟದ ಹೊತ್ತಿಗೆ ಹಳೇ ಟೈರಿನ ಮೇಲೆ ಕೂತು ಎಲ್ಲರೆದುರು ಹೆಣೆದೆ, ಕುಲಾವಿ ನನ್ನದು ಕಣ್ರಪ್ಪ, ಅವಳಿಗೆ ಸುಳ್ಳು ಹೇಳು ಅಂದವನೂ ನಾನೇ. ಮೇಸ್ತ್ರಿ ಬಾಯಿ ಒರೆಸಿಕೊಂಡು, ಥೂ ಮಾರಾಯ, ಮೊದಲೇ ಬೊಗಳಬಾರದಾ, ನನ್ನ ಸೀಟಿಗೊಂದು ಹೆಣೆದುಕೊಡು, ಬೆನ್ನೆಲ್ಲ ಬೆವರುತ್ತೆ. ಎಲೆಕ್ಟ್ರಿಷಿಯನ್ ಹತ್ತಿರ ಬಂದು ಕೂತ, ಈ ಕುಣಿಕೆ ಜಡೆಗೂ ಬರುತ್ತೇನಣ್ಣಾ. ಅಷ್ಟೇ. ಆಮೇಲೆ ಮಾತು ಬ್ರೇಕಿನ ಎಣ್ಣೆಗೆ ಹೊರಳಿತು, ಗುಡ್ಡದಂಥ ಭಯ ಊಟದ ಡಬ್ಬಿ ಮುಚ್ಚುವಷ್ಟರಲ್ಲಿ ಮುಗಿದುಹೋಯಿತು.

ಓಡಿಬಂದು ಅವಳಿಗೆ ಹೇಳಿದೆ, ಎಲ್ಲ ಹೇಳಿಬಿಟ್ಟೆ ಕಣೇ, ಯಾರೂ ನಗಲೇ ಇಲ್ಲ — ಖುಷಿಯಿಂದ ಹೇಳಿದೆನಲ್ಲ, ಬಹುಮಾನ ತಂದ ಮಗುವಿನ ಹಾಗೆ, ನಾಲಿಗೆ ಯಾಕೆ ಬಿದ್ದುಹೋಗಲಿಲ್ಲ. ಅವಳು ತಟ್ಟೆ ಒರೆಸುತ್ತಿದ್ದಳು, ನಗಲಿಲ್ವಾ, ಒಳ್ಳೇದಾಯ್ತು ಬಿಡಿ. ಅದನ್ನು ಸದ್ದಾಗದ ಹಾಗೆ ಜೋಡಿಸಿ, ನನ್ನ ನೋಡಿ ನಕ್ಕರು. ಶಾಲೆಗೂ ಬಂದು ಹೇಳ್ತೀನಿ ಅಂದೆ, ಸಂಘಕ್ಕೂ ಹೋಗ್ತೀನಿ ಅಂದೆ. ಬೇಡ ರೀ, ಹೆಂಡತಿ ಮಾನ ಮುಚ್ಚೋಕೆ ಗಂಡ ಕಥೆ ಕಟ್ಕೊಂಡು ಬಂದ ಅಂತಾರೆ. ದನಿಯಲ್ಲಿ ಸಿಟ್ಟಿರಲಿಲ್ಲ, ಟೈಪು ಮಾಡಿ ಮುಗಿಸಿದ ಹಾಳೆ ಓದಿದ ಹಾಗೆ ಓದಿದಳು. ದಂಟು ಎತ್ತಿಕೊಂಡೆ, ಉಗುರಿನಿಂದ ಸೀಳಿದೆ, ಸಿಪ್ಪೆ ಒಂದೇ ಎಳೆಯಾಗಿ ಬರುತ್ತದೆ, ಚೆನ್ನಾಗಿ ನೆನೆದಿದೆ, ನಾಳೆ ಬಡಿಯಬಹುದು, ನಾಡಿದ್ದು ಬಾಚಬಹುದು, ಆಮೇಲೆ ಹೊಸೆದು — ಏನು ಹೆಣೆಯಲಿ, ಯಾವುದನ್ನು ಹೆಣೆದರೆ — ಅವಳ ಮುಷ್ಟಿ, ಬಾಗಿಲಷ್ಟು ದೊಡ್ಡದು, ಕೊಕ್ಕೆ ಅಂಗೈ ಕಡೆಗೆ, ಹೆಬ್ಬೆರಳು ಬಿಳಿಚಿಕೊಂಡಿದೆ, ಎಲ್ಲರೂ ನೋಡುತ್ತಿದ್ದಾರೆ, ಅವಳು ಸಾಲು ಸಾಲಾಗಿ ನನ್ನನ್ನು ಹುಡುಕುತ್ತಿದ್ದಾಳೆ.